ಖಾಲಿ ಮೇಜನ್ನು ಕಾಪಾಡಿದ ಮಹನೀಯರಿಗೆ

ಮುಖ್ಯಸ್ಥರು,
ನಗರ ದರ್ಶನ, ದಿನಪ್ರವಾಸ ಮತ್ತು ಸ್ಮಾರಕ ಸಂರಕ್ಷಣಾ ವಿಭಾಗ,
ಮಾರಿಯನ್‌ಫುರ್ಟ್ ನಗರ.

ಮಾನ್ಯರೇ,

ತಮ್ಮ ಆರೋಗ್ಯ, ತಮ್ಮ ಕಚೇರಿಯ ಕಾಫಿ ಯಂತ್ರದ ಆರೋಗ್ಯ, ಬೆಳಿಗ್ಗೆ ಒಂಬತ್ತಕ್ಕೆಲ್ಲ ಮಾರುಕಟ್ಟೆ ಚೌಕದಲ್ಲಿ ಸಾಲುಗಟ್ಟಿ ನಿಲ್ಲುವ ತಮ್ಮ ಬಸ್ಸುಗಳ ಆರೋಗ್ಯ ಎಲ್ಲವೂ ಚೆನ್ನಾಗಿದೆಯೆಂದು ನಂಬಿ, ಮೈನ್ ನದಿಯ ದಡದ ಈ ಪುರಾತನ ನಗರದಲ್ಲಿ ಎಪ್ಪತ್ನಾಲ್ಕು ವರ್ಷಗಳಿಂದ ಯಾವ ಮಾರ್ಗದರ್ಶಿಯ ನೆರವೂ ಇಲ್ಲದೆ ಓಡಾಡಿಕೊಂಡಿರುವ ನಾನು, ನಿವೃತ್ತ ಅಂಚೆ ನೌಕರಳು ರೋಸ್‌ವಿಟಾ ಡೋಲಿಂಗರ್, ತಮಗೆ ಗೌರವಪೂರ್ವಕವಾಗಿ ನಮಸ್ಕರಿಸುತ್ತೇನೆ. ಎಲ್ಲರೆದುರು ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಖಾಸಗಿಯಾಗಿ ಬರೆದ ನನ್ನ ಮೂರು ಪತ್ರಗಳಿಗೂ ತಮ್ಮ ಕಚೇರಿಯಿಂದ ಬಂದ ಉತ್ತರವೆಂದರೆ ಬಣ್ಣಬಣ್ಣದ ಪ್ರವಾಸಿ ನಕಾಶೆ, ಮೂರು ಪ್ರತಿ.

ಮೊದಲು ತಮ್ಮನ್ನು ಮನಸಾರೆ ಹೊಗಳಬೇಕು. ತಾವು ಅಧಿಕಾರಕ್ಕೆ ಬರುವವರೆಗೆ ನಾವು ಸೇತುವೆ ಇರುವುದು ನದಿ ದಾಟುವುದಕ್ಕೆ ಎಂದುಕೊಂಡಿದ್ದ ದಡ್ಡರು. ಈಗ ಅದು ನಿಂತು ಫೋಟೋ ತೆಗೆಸಿಕೊಳ್ಳುವುದಕ್ಕೆ ಎಂದು ತಿಳಿದು, ಕೈಯಲ್ಲಿ ಆಲೂಗಡ್ಡೆ ಚೀಲ ಹಿಡಿದುಕೊಂಡು ಎಂಟು ಕುಟುಂಬಗಳ ಫೋಟೋ ಮುಗಿಯುವವರೆಗೆ ಕಾಯುವ ಶಿಸ್ತು ಕಲಿತಿದ್ದೇವೆ. ನ್ಯೂರೆಂಬರ್ಗಿನಿಂದ ಬೆಳಿಗ್ಗೆ ಹೊರಟ ಅತಿಥಿಗಳಿಗೆ ಮೂರು ತಾಸಿನೊಳಗೆ ಒಂಬೈನೂರು ವರ್ಷಗಳ ಇತಿಹಾಸ, ಊಟಕ್ಕೆ ಮುನ್ನ ಇಗರ್ಜಿ, ಊಟದ ನಂತರ ದ್ರಾಕ್ಷಿ ಗುಡ್ಡ, ನಡುವೆ ಶೌಚಾಲಯ, ಇಷ್ಟನ್ನೂ ಒಂದೇ ಒಂದು ಮಡಚುವ ಛತ್ರಿಯನ್ನು ಎತ್ತಿ ಹಿಡಿದು ನಡೆಸಿಕೊಡುವ ತಮ್ಮ ಸಿಬ್ಬಂದಿಯ ಮುಂದೆ ನಮ್ಮ ಕಾಲದ ಸೇನಾಧಿಕಾರಿಗಳೆಲ್ಲ ಏನೂ ಅಲ್ಲ.

ಈಗ ನಮ್ಮ ಮೇಜಿನ ವಿಚಾರ. ‘ಕಪ್ಪು ಕರಡಿ’ ಹೋಟೆಲಿನ ಒಳಕೋಣೆಯಲ್ಲಿ, ಹೆಂಚಿನ ಒಲೆಯ ಪಕ್ಕದ ಮೂಲೆಯಲ್ಲಿ, ಹಿಂದಿನ ಕಾಲದ ದೋಣಿಗಾರರು ಚಾಕುವಿನಿಂದ ತಮ್ಮ ಹೆಸರು ಕೆತ್ತಿಟ್ಟ ಓಕ್ ಮರದ ಮೇಜೊಂದಿದೆಯಲ್ಲ, ಅದು ಮೂವತ್ತೊಂದು ವರ್ಷಗಳಿಂದ ನಮ್ಮ ನಾಲ್ವರ ಖಾಯಂ ಮೇಜು. ಪಿಯಾನೊ ಶ್ರುತಿ ಮಾಡುತ್ತಿದ್ದ ಇರ್ಮ್‌ಟ್ರೌಟ್, ಚಿಮಣಿ ಗುಡಿಸುತ್ತಿದ್ದ ವುನಿಬಾಲ್ಟ್, ರೈಲು ಓಡಿಸುತ್ತಿದ್ದ ಬುರ್ಕ್‌ಹಾರ್ಟ್ ಮತ್ತು ನಾನು, ಪ್ರತಿ ಗುರುವಾರ ಮೂರು ಗಂಟೆಗೆ ಅಲ್ಲಿ ಸೇರುತ್ತಿದ್ದೆವು. ಬಂದವರು ಕೈ ಕುಲುಕುವುದಿಲ್ಲ, ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟಿ ತಮ್ಮ ತಮ್ಮ ಕುರ್ಚಿಯಲ್ಲಿ ಕೂರುತ್ತಾರೆ. ಕರೆಯದೆ ಇನ್ನೊಬ್ಬರು ಅಲ್ಲಿ ಕೂರುವ ಪದ್ಧತಿಯಿಲ್ಲ, ಮೇಯರ್ ಆದರೂ ಸರಿಯೇ.

ಬುರ್ಕ್‌ಹಾರ್ಟನಿಗೆ ಎಂಬತ್ತೊಂದು. ಎರಡು ವರ್ಷದಿಂದ ಅವನಿಗೆ ನೆನಪು ಕೈಕೊಡುತ್ತಿದೆ. ಬೀದಿಯಲ್ಲಿ ಸಿಕ್ಕರೆ ಅವನು ನನಗೆ ಟೋಪಿ ಎತ್ತಿ, “ತಾಯಿ, ತಮ್ಮನ್ನ ಎಲ್ಲೋ ನೋಡಿದ ಹಾಗಿದೆ” ಅನ್ನುತ್ತಾನೆ. ಆದರೆ ಅದೇ ಮನುಷ್ಯ ಆ ಮೇಜನ್ನು ಎರಡು ಸಲ ತಟ್ಟಿ ಕೂತನೆಂದರೆ, “ಏನೇ ರೋಸಿ, ಇವತ್ತೂ ಸ್ವೆಟರ್ ಗುಂಡಿ ಒಂದು ಮನೆ ತಪ್ಸಿ ಹಾಕ್ಕೊಂಡಿದೀಯಲ್ಲ, ಪೋಸ್ಟ್ ಆಫೀಸಲ್ಲಿ ಕಾಗ್ದ ಹೆಂಗೆ ವಿಂಗಡಿಸ್ತಿದ್ದೆ ಮಾರಾಯ್ತಿ” ಎಂದು ಶುರುಮಾಡಿ, ಐದು ಗಂಟೆಯವರೆಗೆ ಮೂವರ ಹೆಸರನ್ನೂ ಹಿಡಿದು ಕಾಲೆಳೆಯುತ್ತಿದ್ದ. ಜಾಗ, ವಾರ, ಹೊತ್ತು ಮೂರನ್ನೂ ಬದಲಿಸಬೇಡಿ ಎಂದು ವೈದ್ಯರು ನಮಗೆ ಹೇಳಿದ್ದರು. ವಾರಕ್ಕೆರಡು ತಾಸು ನಮ್ಮ ಗೆಳೆಯ ನಮಗೆ ಸಿಗುತ್ತಿದ್ದ, ಅಷ್ಟೇ ವಿಷಯ.

ಹೋಟೆಲಿನ ಹಳೆಯ ಮಾಲೀಕರು ಹೋದ ವರ್ಷ ತೀರಿಕೊಂಡ ಮೇಲೆ, ಅವರ ಅಳಿಯ ಆ ಮೂಲೆಯನ್ನು ಕಿತ್ತು ಫ್ರಿಜ್ಜಿಗೆ ಅಂಟಿಸುವ ಗೊಂಬೆಗಳ ಅಂಗಡಿ ಇಡುತ್ತಾನೆಂದು ಸುದ್ದಿಯಾಯಿತು. ಬೇರೆ ಜನರಾಗಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದರು, ನಾವು ಜರ್ಮನರು, ಅರ್ಜಿ ಹಾಕಿದೆವು. ಮೇಜನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಲು ತಮ್ಮ ಕಚೇರಿಯ ಹನ್ನೊಂದು ಪುಟಗಳ ನಮೂನೆಯನ್ನು ನಾನೇ ಕಪ್ಪು ಶಾಯಿಯಲ್ಲಿ ತುಂಬಿದೆ. ‘ಯಾವ ಸ್ಥಿತಿಯಲ್ಲಿ ಕಾಪಾಡಬೇಕು’ ಎಂಬ ಅಂಕಣದಲ್ಲಿ ‘ಪರಿಶೀಲನೆಯ ದಿನ ಹೇಗಿರುತ್ತದೋ ಹಾಗೆಯೇ, ಏನೊಂದೂ ಬದಲಾಗದಂತೆ’ ಎಂದು ಬರೆದು, ನನ್ನ ಜಾಣತನಕ್ಕೆ ನಾನೇ ಮೆಚ್ಚಿ, ಕೆಳಗೆ ಎರಡು ಗೆರೆ ಎಳೆದೆ. ತಮ್ಮ ಪರಿವೀಕ್ಷಕರು ಬಂದದ್ದು ಮಂಗಳವಾರ ಬೆಳಿಗ್ಗೆ, ಏಕೆಂದರೆ ಗುರುವಾರ ಮಧ್ಯಾಹ್ನ ತಮ್ಮ ಕಚೇರಿಗೆ ಬಿಡುವು. ಮಂಗಳವಾರ ಬೆಳಿಗ್ಗೆ ಆ ಮೇಜಿನಲ್ಲಿ ಯಾರೂ ಇರುವುದಿಲ್ಲ. ಅವರು ಹದಿನಾಲ್ಕು ಕೋನಗಳಿಂದ ಫೋಟೋ ತೆಗೆದು, ‘ಸದರಿ ಮೇಜು ಮತ್ತು ನಾಲ್ಕು ಕುರ್ಚಿಗಳು ಖಾಲಿ ಇವೆ’ ಎಂದು ದಾಖಲಿಸಿದರು, ತಾವು ಸಹಿ ಮಾಡಿದಿರಿ, ಅಂದಿನಿಂದ ಮೇಜು ಖಾಲಿ ಇರುವುದು ಕಾನೂನಾಯಿತು.

ಆದೇಶ ಬಂದ ಗುರುವಾರ ನಾವು ಹೋದಾಗ ಸುತ್ತ ಕೆಂಪು ಹಗ್ಗ, ಮುಟ್ಟಿದರೆ ಕೂಗುವ ಗಂಟೆ, ಪಕ್ಕದಲ್ಲಿ ‘ಏಳನೇ ನಿಲುಗಡೆ: ಊರ ಜನ ಸೇರುವ ಮೇಜು’ ಎಂಬ ಫಲಕ. ಮಂಡಿನೋವಿನ ವುನಿಬಾಲ್ಟ್ ನಿಂತೇ ಅದನ್ನು ಓದಿದ. ಇರ್ಮ್‌ಟ್ರೌಟ್ ನನ್ನ ಕಡೆ ತಿರುಗಿ, “ಮೂವತ್ತೆಂಟು ವರ್ಷ ಕಂಡೋರ ಕಾಗ್ದಕ್ಕೆ ಠಸ್ಸೆ ಹೊಡ್ದೆ, ಸಾಲ್ದು ಅಂತ ಈಗ ನಮ್ಮ ಕುಂಡಿಗೂ ಹೊಡ್ದೆಯಲ್ಲೇ” ಎಂದಳು.

ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ನೋಡಿದೆವು. ಬುರ್ಕ್‌ಹಾರ್ಟ್ ಆ ಮೇಜನ್ನೂ ತಟ್ಟಿದ, ಮತ್ತೆ ತಟ್ಟಿದ, ಆಮೇಲೆ ನಮ್ಮ ಮೂವರನ್ನೂ ವಿನಯದಿಂದ ನೋಡಿ, “ಕ್ಷಮಿಸಿ, ನನ್ನ ಸ್ನೇಹಿತರು ಬರೋರಿದಾರೆ, ನಾನು ಅಲ್ಲಿರ್ಬೇಕು” ಎಂದು ಎದ್ದುಹೋದ. ಮೂರನೆಯ ವಾರ ರೈಲ್ವೆ ಕೋಟು ತೊಟ್ಟು ಬಂದವನೇ ಹಗ್ಗ ಎತ್ತಿ ಒಳಗೆ ನುಸುಳಿ ತನ್ನ ಕುರ್ಚಿಯಲ್ಲಿ ಕೂತುಬಿಟ್ಟ. ಗಂಟೆ ಕೂಗಿಕೊಂಡಿತು. ಏಳನೇ ನಿಲುಗಡೆಯಲ್ಲಿದ್ದ ಮೂವತ್ತೆರಡು ಜನ ಇದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು. ತಮ್ಮ ಕಾವಲುಗಾರ ಬಹಳ ಸಭ್ಯ ಮನುಷ್ಯ, “ಬನ್ನಿ ಅಜ್ಜಾ, ಇದು ಜನ ಕೂರೋ ಮೇಜಲ್ಲ” ಎಂದು ತೋಳು ಹಿಡಿದು ಎಬ್ಬಿಸಿದ. ಅದನ್ನು ನೋಡುತ್ತ ನಿಂತಿದ್ದಕ್ಕೆ ನನ್ನ ಮೇಲೆ ನನಗೆ ಇವತ್ತಿಗೂ ಅಸಹ್ಯವಾಗುತ್ತದೆ.

ತಮ್ಮ ಔದಾರ್ಯವನ್ನು ಮರೆತರೆ ಕೃತಘ್ನಳಾದೇನು. ನಮ್ಮ ‘ಅನನುಕೂಲಕ್ಕೆ’ ಪರಿಹಾರವಾಗಿ ತಾವು ನಾಲ್ವರಿಗೂ ದ್ರಾಕ್ಷಿ ತೋಟಗಳ ದೋಣಿ ವಿಹಾರಕ್ಕೆ ಉಚಿತ ಚೀಟಿ ಕಳಿಸಿದಿರಿ, ಅದೂ ಗುರುವಾರಕ್ಕೇ. ಹೋದೆವು. ಧ್ವನಿವರ್ಧಕದಲ್ಲಿ ನಮ್ಮ ನದಿಯನ್ನು ನಮಗೆ ಪರಿಚಯಿಸಿಕೊಟ್ಟರು. ಬುರ್ಕ್‌ಹಾರ್ಟ್ ಒಂದೊಂದು ದೋಣಿಕಟ್ಟೆ ಬಂದಾಗಲೂ ಗಡಿಯಾರ ನೋಡಿ, “ಇಲ್ಲೆಷ್ಟು ನಿಮಿಷ ನಿಲ್ತದೆ, ಮೂರಕ್ಕೆ ಊರು ಮುಟ್ತದಾ, ನನಗೆ ಕಾಯ್ತಿರ್ತಾರೆ” ಎಂದು ನಾವಿಕನನ್ನು ಕೇಳುತ್ತಿದ್ದ. ಕಾಯುತ್ತಿರುವವರಾದ ನಾವು ಪಕ್ಕದಲ್ಲೇ ಕೂತು ತಮ್ಮ ಲೆಕ್ಕದ ಬಿಳಿ ವೈನ್ ಕುಡಿಯುತ್ತಿದ್ದೆವು.

ಆದ್ದರಿಂದ, ಮಾನ್ಯರೇ, ಕೆಲವು ಸಣ್ಣ ಕೋರಿಕೆಗಳು. ಮೇಜಿನ ಬದಲು ಬುರ್ಕ್‌ಹಾರ್ಟ್ ಜ್ವೊಸ್ಟಾನನ್ನೇ ಸಂರಕ್ಷಿತ ಸ್ಮಾರಕವೆಂದು ಘೋಷಿಸಿ, ಯಾವ ಭಾಗವೂ ಉದುರದಂತೆ ಅವನನ್ನು ಮೂಲ ಸ್ಥಳದಲ್ಲೇ ಇರಿಸುವ ಹೊಣೆ ಹೊರಬೇಕು. ತಮಗಿರುವ ಅಧಿಕಾರಕ್ಕೆ ಇದು ಏನೇನೂ ಅಲ್ಲ. ಅದಾಗದಿದ್ದರೆ, ಕಳೆದ ಮೂವತ್ತೊಂದು ವರ್ಷಗಳ ಗುರುವಾರಗಳನ್ನೆಲ್ಲ ಮಂಗಳವಾರಗಳೆಂದು ಪೂರ್ವಾನ್ವಯವಾಗಿ ತಿದ್ದುವ ಸುತ್ತೋಲೆ ಹೊರಡಿಸಬೇಕು. ಅದೂ ಕಷ್ಟವೆಂದರೆ, ತಮ್ಮ ಪರಿವೀಕ್ಷಕರು ಒಂದೇ ಒಂದು ಗುರುವಾರ ಮಧ್ಯಾಹ್ನದ ಬಿಡುವನ್ನು ತ್ಯಾಗ ಮಾಡಿ, ಹಗ್ಗ ಬಿಚ್ಚಿಸಿ, ಮೂರು ಗಂಟೆಗೆ ಬಂದು ಹದಿನೈದನೆಯ ಫೋಟೋ ತೆಗೆಯಲಿ. ತಪ್ಪು ಅರ್ಜಿ ಬರೆದವಳು ನಾನು, ಹೊಸ ಅರ್ಜಿಯನ್ನು ಇದರ ಜೊತೆ ಎರಡು ಪ್ರತಿಗಳಲ್ಲಿ ಲಗತ್ತಿಸಿದ್ದೇನೆ. ಬೇಗ ಮಾಡಿ. ತಮ್ಮ ಓಕ್ ಮರಕ್ಕೆ ಅವಸರವಿಲ್ಲ, ನಮಗಿದೆ.

ಇಂತಿ,
ಹಗ್ಗದಿಂದ ಎರಡು ಅಡಿ ದೂರ ಕಾಪಾಡಿಕೊಂಡಿರುವ, ತಮ್ಮ ವಿಶ್ವಾಸಿ,
ರೋಸ್‌ವಿಟಾ ಡೋಲಿಂಗರ್

ಮರೆತ ಮಾತು: ಈಗ ಚೀಟಿ ಪಡೆದ ಪ್ರವಾಸಿಗಳನ್ನು ಮಾತ್ರ ಒಳಕೋಣೆಗೆ ಬಿಡುವುದರಿಂದ, ಮೊನ್ನೆ ಗುರುವಾರ ಬುರ್ಕ್‌ಹಾರ್ಟನನ್ನು ಕರೆದುಕೊಂಡು ನಾನೂ ತಮ್ಮ ಮೂರು ಗಂಟೆಯ ಗುಂಪಿನಲ್ಲಿ ಸೇರಿಕೊಂಡೆ. ಇಲ್ಲಿ ನಾಲ್ವರು ಗೆಳೆಯರು ವಾರವಾರವೂ ಕೂರುತ್ತಿದ್ದರು ಎಂದು ತಮ್ಮ ಮಾರ್ಗದರ್ಶಿ ಬಹಳ ಚೆನ್ನಾಗಿ ವಿವರಿಸಿದಳು. ಬುರ್ಕ್‌ಹಾರ್ಟ್ ಕೈ ಎತ್ತಿ, “ಪಾಪ, ಅವರೆಲ್ಲ ತೀರ್ಕೊಂಡು ಎಷ್ಟು ವರ್ಷ ಆಯ್ತು” ಎಂದು ಕೇಳಿದ. ಅವಳು ಕೈಯಲ್ಲಿದ್ದ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ, “ಬರ್ದಿಲ್ಲ ಸರ್, ತುಂಬಾ ವರ್ಷ ಆಗಿರ್ಬೇಕು” ಎಂದಳು. ಅವನು ಟೋಪಿ ತೆಗೆದು ತಲೆ ತಗ್ಗಿಸಿದ, ಗುಂಪಿನವರೆಲ್ಲ ತಗ್ಗಿಸಿದರು. ತಮ್ಮ ವಿಭಾಗ ಏರ್ಪಡಿಸುವ ಕಾರ್ಯಕ್ರಮಗಳಲ್ಲಿ ಶಿಸ್ತು ಮುಖ್ಯವಾದ್ದರಿಂದ, ನಾನೂ ತಗ್ಗಿಸಿದೆ.