ಪಂಚಾಕ್ಷರಿಯವರ ಮೆತ್ತನೆಯ ಬ್ರೇಕು

ಭಾನುವಾರ ಬೆಳಿಗ್ಗೆ ಹೂವು ತರಲು ಹೊರಟ ಪಂಚಾಕ್ಷರಿಯವರ ಕಾರು ನಾಗರಬಾವಿಯಲ್ಲಿ ಒಂದು ಎಳನೀರು ಗಾಡಿಗೆ ಇನ್ನೇನು ಮುತ್ತಿಡಬೇಕು, ಅಷ್ಟರಲ್ಲಿ ನಿಂತಿತು. ನಿಲ್ಲಿಸಿದ್ದು ಬ್ರೇಕಲ್ಲ, ಹ್ಯಾಂಡ್‌ಬ್ರೇಕು. ಬ್ರೇಕ್ ಪೆಡಲಂತೂ ಹುದುಗು ಬಂದ ಇಡ್ಲಿ ಹಿಟ್ಟಿಗೆ ಬೆರಳಿಟ್ಟಂತೆ ಮೆತ್ತಗೆ ತಳಕ್ಕಿಳಿದುಹೋಗಿತ್ತು.

"ಏನ್ ಸಾರ್, ಎಳನೀರು ಬೇಕಿದ್ರೆ ಇಳಿದು ಬಂದು ಕೇಳ್ಬಾರ್ದಾ?" ಎಂದ ಗಾಡಿಯವನು.

ಬೇರೆ ದಿನವಾಗಿದ್ದರೆ ಪಂಚಾಕ್ಷರಿ ಕಾರನ್ನು ಮೂಲೆಗೆ ನಿಲ್ಲಿಸಿ ಸುಮ್ಮನಾಗುತ್ತಿದ್ದರು. ಆದರೆ ಅವತ್ತು ಸಂಜೆ ಕೆಂಗೇರಿಯಲ್ಲಿ ಭಾಮೈದ ಕಲ್ಮೇಶನ ಮಗುವಿಗೆ ತೊಟ್ಟಿಲು ಶಾಸ್ತ್ರ. ಹೆಂಡತಿ ಕಲ್ಯಾಣಮ್ಮನವರ ತವರಿನ ಮಕ್ಕಳೆಲ್ಲ ಮೊದಲು ಮಲಗುವುದು ಒಂದೇ ತೇಗದ ತೊಟ್ಟಿಲಲ್ಲಿ. ಕೊನೆಯದಾಗಿ ಇವರ ಮಗಳು ಮಲಗಿದ್ದರಿಂದ ಅದು ಅನ್ನಪೂರ್ಣೇಶ್ವರಿ ನಗರದ ಇವರ ಮನೆಯಲ್ಲೇ ಉಳಿದಿತ್ತು. ಅದನ್ನು ಕಾರಿನ ನೆತ್ತಿಗೆ ಕಟ್ಟಿ ತಾನೇ ಓಡಿಸಿಕೊಂಡು ಬರುವುದಾಗಿ ಪಂಚಾಕ್ಷರಿ ಮಾತು ಕೊಟ್ಟಾಗಿತ್ತು.

ಮಾತು ಕೊಡುವುದಕ್ಕೂ ಕಾರಣವಿತ್ತು. ಹೆಂಡತಿಯ ತವರಿನಲ್ಲಿ ಅವರಿಗೆ ಪುಕ್ಕಲ ಅಳಿಯ ಎಂದೇ ಹೆಸರು. ಹೊಳೆಗಿಳಿಯಲು ಭಯ, ಏಣಿ ಹತ್ತಲು ಭಯ, ಕೊನೆಗೆ ಕೊಟ್ಟಿಗೆಯ ಕರುವನ್ನು ಕಂಡರೂ ಭಯ. ಮೂರು ತಿಂಗಳ ಹಿಂದೆ ಕ್ಲಚ್ಚಿಲ್ಲದ ಹಳೆಯ ಆಟೋಮ್ಯಾಟಿಕ್ ಕಾರು ಕೊಂಡ ಮೇಲಷ್ಟೇ "ಭಾವ ಕಾರು ಓಡಿಸ್ತಾರಂತೆ" ಎಂಬ ಬೆರಗು ಅಲ್ಲಿ ಹುಟ್ಟಿದ್ದು. ಅಷ್ಟು ವರ್ಷಗಳ ಸಂಸಾರದಲ್ಲಿ ಅವರಿಗೆ ಮರ್ಯಾದೆ ತಂದುಕೊಟ್ಟದ್ದು ಆ ಸ್ಟೇರಿಂಗ್ ಒಂದೇ. ಕಲ್ಯಾಣಮ್ಮನವರೂ ಲೈಸೆನ್ಸ್ ಮಾಡಿಸಿದ್ದರು. ಆದರೆ ಕೀ ಕೇಳಿದಾಗಲೆಲ್ಲ "ಈ ಟ್ರಾಫಿಕ್ಕಲ್ಲಿ ನಿಂಗ್ಯಾಕೆ ತಾಪತ್ರಯ?" ಎಂದು ಪಂಚಾಕ್ಷರಿ ಅದನ್ನು ಜೇಬಿಗಿಳಿಸುತ್ತಿದ್ದರು.

ಕಾರು ಹೇಗೋ ತೆವಳಿಕೊಂಡು ಮನೆ ಸೇರಿತು. ಮಹಡಿಯಿಂದ ನಿವೃತ್ತ ಫಿಸಿಕ್ಸ್ ಮೇಷ್ಟ್ರು ವೆಂಕಟಗಿರಿ ಪಂಚೆ ಎತ್ತಿ ಕಟ್ಟಿಕೊಂಡು ಇಳಿದು ಬಂದು ಬ್ರೇಕಿನ ಕಥೆ ಕೇಳಿದರು.

"ಏರ್ ಹಿಡ್ಕೊಂಡಿದೆ ಪಂಚಾಕ್ಷರಿ ಅವ್ರೇ," ಎಂದವರೇ ಸೀಟಿನಲ್ಲಿ ಕೂತು ಪೆಡಲ್ ಒತ್ತಿದರು. "ಏನ್ರೀ ಇದು, ಕಲ್ಲಿದ್ದ ಹಾಗಿದೆ!"

"ಈಗ ತಾನೇ ತಳಕ್ಕೆ ಹೋಗಿತ್ತು ಸಾರ್."

"ಹಾಗಾದ್ರೆ ಒಂದು ರೌಂಡ್ ನಡೀರಿ, ನೋಡೇ ಬಿಡೋಣ."

ಪಂಚಾಕ್ಷರಿ ಓಡಿಸಿಕೊಂಡು ಮಾಗಡಿ ರಸ್ತೆ ಮುಟ್ಟಿ ಬರುವಷ್ಟರಲ್ಲಿ ಪೆಡಲ್ ಮತ್ತೆ ಮೆತ್ತಗಾಗಿ, ವೆಂಕಟಗಿರಿಯವರ ಮುಖವೂ ಬಿಳಿಚಿಕೊಂಡಿತು. ಬಾನೆಟ್ ಎತ್ತಿದರು. ಬ್ರೇಕ್ ಆಯಿಲ್ ಗೆರೆಯವರೆಗೂ ಇದೆ. ಚಕ್ರಗಳ ಹತ್ತಿರ ಒಂದು ತೊಟ್ಟೂ ಸೋರಿಲ್ಲ. ಅಷ್ಟರಲ್ಲಿ ಮೇಷ್ಟ್ರ ಹೆಂಡತಿ ವತ್ಸಲಾ ಕಾಫಿ ತಂದರು. ಕಾಫಿ ಮುಗಿಸಿ ಒತ್ತಿದರೆ ಪೆಡಲ್ ಮತ್ತೆ ಕಲ್ಲು. ಮನೆಯಲ್ಲಿ ಜ್ವರದಿಂದ ಸುಡುತ್ತಿದ್ದ ಮಗು ಡಾಕ್ಟರ ಮುಂದೆ ಆಟವಾಡಿದ ಹಾಗಾಯಿತು.

"ದೃಷ್ಟಿ ಆಗಿದೆ ಕಣ್ರೀ. ನಿಂಬೆಹಣ್ಣು ನಿವಾಳಿಸಿ," ಎಂದರು ವತ್ಸಲಾ.

"ಇಷ್ಟು ವರ್ಷ ಫಿಸಿಕ್ಸ್ ಮೇಷ್ಟ್ರ ಜೊತೆ ಬಾಳಿ ಹೀಗಂತೀಯಲ್ಲೇ!" ಎಂದು ಗದರಿದ ವೆಂಕಟಗಿರಿ, ಪಂಚಾಕ್ಷರಿಯ ಕಡೆ ತಿರುಗಿ ದನಿ ತಗ್ಗಿಸಿದರು. "ಯಾವುದಕ್ಕೂ ಒಂದು ನಿವಾಳಿಸಿಬಿಡಿ."

ನಿಂಬೆಹಣ್ಣೂ ಆಯಿತು. ಕೊನೆಗೆ ಬಾಪೂಜಿ ನಗರದಿಂದ ಮೆಕ್ಯಾನಿಕ್ ಮಹದೇವ್ ಬಂದ. ಪೆಡಲ್ ಒತ್ತಿ ಹಿಡಿದು ನೋಡಿದ, ಇಳಿಯಲಿಲ್ಲ. ಪೈಪಿನಲ್ಲಿ ಗಾಳಿ ಇದ್ದರೆ ತೆಗೆದುಬಿಡೋಣವೆಂದು ಚಕ್ರದ ಹಿಂದಿನ ನಟ್ಟಿಗೆ ಸ್ಪ್ಯಾನರ್ ಹಾಕಿದ. ಒಳಗೆ ಕೂತು ಪೆಡಲ್ ಒತ್ತಲು ಒಬ್ಬರು ಬೇಕಿತ್ತು. ಗಂಡಸರಿಬ್ಬರೂ ಗುಳ್ಳೆ ನೋಡಲು ಬಗ್ಗಿದ್ದರಿಂದ ಕಲ್ಯಾಣಮ್ಮನವರು ಕೂತರು. ಆ ಕಾರಿನ ಡ್ರೈವರ್ ಸೀಟಿನಲ್ಲಿ ಅವರು ಕೂತದ್ದು ಅದೇ ಮೊದಲು.

"ಒತ್ತಿ ಮೇಡಂ... ಹಿಡ್ಕೊಳ್ಳಿ... ಬಿಡಿ."

ಒಂದು ಗುಳ್ಳೆಯೂ ಬರಲಿಲ್ಲ.

"ಹೇಗೂ ಕೂತಿದೀರಲ್ಲ, ನೀವೇ ಒಂದು ರೌಂಡ್ ಹೋಗ್ಬನ್ನಿ," ಎಂದರು ವತ್ಸಲಾ. ಪಂಚಾಕ್ಷರಿ ಬಾಯಿ ತೆರೆಯುವ ಮೊದಲೇ ಮಹದೇವ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ಗೇಟು ದಾಟಿತ್ತು. ರಿಂಗ್ ರೋಡ್ ಸುತ್ತಿ ಬಂದ ಕಲ್ಯಾಣಮ್ಮ, "ಚೆನ್ನಾಗೇ ಹಿಡಿಯುತ್ತಲ್ರೀ!" ಎಂದರು. ಅದೇ ದಾರಿಯಲ್ಲಿ ಪಂಚಾಕ್ಷರಿ ಹೋಗಿ ಬಂದರು. ಪೆಡಲ್ ಹಿಟ್ಟಾಗಿತ್ತು, ಚಕ್ರದಿಂದ ಸುಟ್ಟ ವಾಸನೆ ಬೇರೆ.

ಮಹದೇವ್ ಚಕ್ರ ಮೂಸಿ ನೋಡಿದ. "ಆಯಿಲ್ ಹಳೇದು ಸಾರ್. ಬ್ರೇಕು ಒಂದೇ ಸಮ ಉಜ್ಜಿ ಕಾದ್ರೆ ಆಯಿಲ್ ಕುದ್ದು ಪೆಡಲ್ ಮೆತ್ತಗಾಗುತ್ತೆ. ಆರಿದ್ರೆ ಗಟ್ಟಿ. ಬ್ರೇಕ್ ಮೇಲೆ ಕಾಲಿಟ್ಕೊಂಡೇ ಓಡಿಸಿದ್ರೆ ಹೀಗೇ. ಹೊಸಬರು ಹೆದರ್ಕೊಂಡು ಮಾಡ್ತಾರೆ... ಮೇಡಂ ಈಗ ತಾನೇ ಕಲ್ತಿದ್ದಲ್ವಾ? ಅವ್ರ ರೌಂಡಲ್ಲಿ ಕಾದಿದ್ದು ನಿಮ್ಮ ರೌಂಡಲ್ಲಿ ಕುದ್ದಿರ್ಬೇಕು."

ಎಲ್ಲರೂ ಕಲ್ಯಾಣಮ್ಮನವರನ್ನು ನೋಡಿದರು. ಇನ್ನೂ ಸೀಟಿನಲ್ಲೇ ಇದ್ದ ಪಂಚಾಕ್ಷರಿ ತಮ್ಮ ಕಾಲು ನೋಡಿಕೊಂಡರು. ಕ್ಲಚ್ಚಿಲ್ಲದ್ದರಿಂದ ಕೆಲಸವಿಲ್ಲದ ಎಡಗಾಲು, ಕಾರು ನಿಂತು ಇಷ್ಟು ಹೊತ್ತಾದರೂ, ಬ್ರೇಕ್ ಪೆಡಲಿನ ಮೇಲೆ ಬೆಚ್ಚಗೆ ಕೂತಿತ್ತು. ಕೆಟ್ಟಿದ್ದು ಕಾರಲ್ಲ, ಕೆಡಿಸಿದ್ದು ತಮ್ಮ ಹೆದರಿಕೆ. ಹೇಳಿಬಿಡಬೇಕೆಂದುಕೊಂಡರು, ಆದರೆ ಕಾಲನ್ನಷ್ಟೇ ಮೆಲ್ಲಗೆ ಪೆಡಲಿನಿಂದ ಇಳಿಸಿದರು.

"ನಾನೇ ಇರ್ಬೇಕು ಬಿಡಪ್ಪ," ಎಂದರು ಕಲ್ಯಾಣಮ್ಮ.

ಆ ಮಾತು ಪಂಚಾಕ್ಷರಿಗೆ ಚುಚ್ಚಿತು. ಒಂದೇ ಒಂದು ರೌಂಡ್ ಓಡಿಸಿದವಳ ಮೇಲೆ ಮೂರು ತಿಂಗಳ ತಪ್ಪು ಹೊರಿಸಿ ಸುಮ್ಮನೆ ಕೂತ ತಮ್ಮ ಬಗ್ಗೆಯೇ ಅಸಹ್ಯವಾಯಿತು. ಮಹದೇವ್ ಹೊಸ ಆಯಿಲ್ ತುಂಬಿಸಿ ಹೋದ.

ತೊಟ್ಟಿಲು ಕಟ್ಟಿ ಹೊರಟರು. ಎಡಗಾಲನ್ನು ಪಕ್ಕಕ್ಕಿಟ್ಟರೆ ಮುಗಿಯಿತೆಂದು ಪಂಚಾಕ್ಷರಿ ಲೆಕ್ಕ ಹಾಕಿದ್ದರು. ಆದರೆ ಮೊದಲ ರಸ್ತೆಯುಬ್ಬಿಗೇ ಅದು ಎದ್ದು ಬಂತು. ಬೇರೆ ದಾರಿ ಕಾಣದೆ ಅದನ್ನು ಮಡಿಸಿ ತೊಡೆಯ ಕೆಳಗೆ ಒತ್ತಿ ಕೂತುಬಿಟ್ಟರು. ಎಂಥ ಚಮತ್ಕಾರ! ಕೆಂಗೇರಿಯವರೆಗೂ ಪೆಡಲ್ ಗಟ್ಟಿಯಾಗಿಯೇ ಇತ್ತು. ಬಾಗಿಲಲ್ಲಿ ಅತ್ತೆ ಹನುಮವ್ವ ಆರತಿ ತಟ್ಟೆ ಹಿಡಿದು ನಿಂತಿದ್ದರು, ಸುತ್ತ ನೆಂಟರು.

"ಭಾವಾ, ಅಷ್ಟು ದೂರದಿಂದ ನೀವೇ ಓಡಿಸ್ಕೊಂಡು ಬಂದ್ರಾ!" ಎಂದ ಕಲ್ಮೇಶ್.

ಪಂಚಾಕ್ಷರಿ ನಕ್ಕು, ಬಾಗಿಲು ತೆರೆದು, ಬಲಗಾಲು ಹೊರಗಿಟ್ಟು, ಗತ್ತಿನಿಂದ ಎಡಗಾಲೂರಿ ಇಳಿದರು. ಆ ಕಾಲು ಅವರದಾಗಿರಲೇ ಇಲ್ಲ. ಆರತಿ ತಟ್ಟೆಯ ಮುಂದೆ ಉದ್ದಕ್ಕೆ ಬಿದ್ದರು.

"ಅಯ್ಯೋ! ಅಳಿಯಂದ್ರ ಕಾಲೇ ಬಿದ್ದೋಯ್ತು!" ಹನುಮವ್ವ ಕೂಗಿದರು.

"ಏನಿಲ್ಲ ಅತ್ತೆ, ಬರೀ ಜೋಮು."

"ಕಾರು ಓಡಿಸ್ತಾ ಜೋಮು ಹೇಗೆ ಹಿಡಿಯುತ್ತೆ ಭಾವ?" ಕಲ್ಮೇಶ್ ನಿಜವಾದ ಕಾಳಜಿಯಿಂದಲೇ ಕೇಳಿದ.

ಹೇಗೆಂದು ಹೇಳಬೇಕಾದರೆ ಮಡಿಸಿದ್ದನ್ನು ಹೇಳಬೇಕು. ಮಡಿಸಿದ್ದನ್ನು ಹೇಳಿದರೆ ಯಾಕೆಂದು ಹೇಳಬೇಕು. ಪಂಚಾಕ್ಷರಿ ಕಣ್ಣು ಮುಚ್ಚಿ ಕಾಯಿಲೆಯವರಾಗುವುದೇ ವಾಸಿ ಎಂದುಕೊಂಡರು. ಇನ್ನು ಮುಂದೆ ಅಳಿಯಂದಿರು ಸ್ಟೇರಿಂಗ್ ಮುಟ್ಟಕೂಡದೆಂದು ಹನುಮವ್ವ ತೊಟ್ಟಿಲ ಮುಂದೆಯೇ ತೀರ್ಪು ಕೊಟ್ಟು, ಕೀಯನ್ನು ಮಗಳ ಕೈಗಿಟ್ಟರು.

ವಾಪಸು ಬರುವಾಗ ಕಲ್ಯಾಣಮ್ಮ ಓಡಿಸಿದರು. ಎಡಗಡೆಯ ಸೀಟಿನಲ್ಲಿ ಪಂಚಾಕ್ಷರಿ ತೆಪ್ಪಗೆ ಕೂತಿದ್ದರು. ರಸ್ತೆಯುಬ್ಬು ಬಂದಾಗಲೆಲ್ಲ ಅವರ ಎಡಗಾಲು ತಾನಾಗಿಯೇ ಮುಂದಿನ ಮ್ಯಾಟನ್ನು ಒತ್ತುತ್ತಿತ್ತು.

"ಒತ್ತಿ, ಒತ್ತಿ," ಎಂದರು ಕಲ್ಯಾಣಮ್ಮ, ರಸ್ತೆಯಿಂದ ಕಣ್ಣು ತೆಗೆಯದೆ. "ಮೂರು ತಿಂಗಳಿಂದ ಅಲ್ಲಿ ಕೂತು ನಿಮ್ಮ ಕಾಲು ನೋಡ್ತಾನೇ ಇದೀನಿ. ಆ ಕಡೆ ಎಷ್ಟು ಒತ್ತಿದ್ರೂ ಆಯಿಲ್ ಕುದಿಯಲ್ಲ."