ವಾರಸುದಾರರಿಲ್ಲದ ಕಂಬ

ಕಂಬಕ್ಕೆ ಬಳಿದ ಕಪ್ಪು ಬಣ್ಣ ಒಣಗಲಿಲ್ಲ ಎಂಬುದೇ ಎಲ್ಲ ರಗಳೆಗೂ ಮೂಲ.

ಶುಕ್ರವಾರ ಬೆಳಿಗ್ಗೆ ವಸಂತಿ ಮೂಗಿಗೆ ಶಾಲು ಒತ್ತಿಕೊಂಡು, "ಒಂದೋ ಈ ಮನೆಯಲ್ಲಿ ಆ ಕಂಬ ಇರ್ಬೇಕು, ಇಲ್ಲ ನಾನಿರ್ಬೇಕು. ಪೇಂಟಿನ ವಾಸನೆಗೆ ತಲೆ ಸಿಡೀತಾ ಉಂಟು" ಎಂದಳು. ಅವಳ ಗಂಡ ಕೊಗ್ಗ ಎರಡನ್ನೂ ಮನಸ್ಸಿನಲ್ಲೇ ತೂಗಿ ನೋಡಿ, ಕಂಬವನ್ನು ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದ. ಬಿಲ್ಡಿಂಗಿನ ಮುಂದೆ ಕಾರುಗಳು ನಿಲ್ಲುವ ಮರಳುನೆಲದ ಅಂಚಿನಲ್ಲಿ ಅದನ್ನು ಬಿಸಿಲಿಗೆ ನಿಲ್ಲಿಸಿ, ಗಾಳಿಗೆ ಬೀಳದಿರಲೆಂದು ಬುಡವನ್ನು ಒಂದಿಷ್ಟು ಮರಳಿನಲ್ಲಿ ಹೂತು, ತಿಂಡಿ ತಿನ್ನಲು ಮೇಲೆ ಹೋದ.

ಕಂಬವೆಂದರೆ ಅಸಲಿ ಕಂಬವೇನಲ್ಲ. ನೀರಿನ ಪ್ಲಾಸ್ಟಿಕ್ ಪೈಪು, ಬುಡಕ್ಕೆ ಸಿಮೆಂಟು ತುಂಬಿದ ಬಕೆಟ್ಟು, ತುದಿಗೆ ರಟ್ಟಿನ ಲಾಂದ್ರ. ಅಂದು ಸಂಜೆ ಅರಬರ ನಾಡಿನ ಅಲ್ ಮಬೇಲಾದ ಕರಾವಳಿ ಕನ್ನಡಿಗರ ಸಂಘದ ವಾರ್ಷಿಕೋತ್ಸವ. ನಾಟಕ ಬರೆದವರೂ ಆಡಿಸುವವರೂ ಮೈಕಲ್ ಪೊರ್ಬುಗಳು. ಹಗಲಿಡೀ ಆಫೀಸಿನಲ್ಲಿ ಲೆಕ್ಕ ಬರೆದು ಸಂಜೆಯಾದರೆ ಇತಿಹಾಸ ಬರೆಯುವ ಮನುಷ್ಯ. ಈ ಸಲ ಅವರ ಕಣ್ಣು ನೂರು ವರ್ಷಕ್ಕೂ ಹಿಂದಿನ ಒಂದು ಕರಾವಳಿ ಪಟ್ಟಣದ ಮುನಿಸಿಪಾಲಿಟಿ ಕೌನ್ಸಿಲಿನ ಮೇಲೆ ಬಿದ್ದಿತ್ತು. ಪೇಟ ಸುತ್ತಿದ ಕೌನ್ಸಿಲರುಗಳು ಸಾಲಾಗಿ ಕೂತು, ಬೀದಿ ಹಂದಿಗಳನ್ನು ಹಿಡಿಯುವವರು ಯಾರು, ಎತ್ತಿನ ಗಾಡಿಗೆ ಸುಂಕ ಹಾಕಬೇಕೋ ಎತ್ತಿಗೆ ಹಾಕಬೇಕೋ, ಹುಣ್ಣಿಮೆಯ ದಿನ ಬೀದಿ ದೀಪಕ್ಕೆ ಸೀಮೆಎಣ್ಣೆ ಏಕೆ ಸುಡಬೇಕು ಎಂದೆಲ್ಲ ಕಚ್ಚಾಡುತ್ತಾರೆ. ಕೊನೆಗೆ ಊರಿಗೆ ಮಂಜೂರಾದ ಒಂದೇ ಒಂದು ದೀಪದ ಕಂಬ ಅಧ್ಯಕ್ಷರ ಮನೆ ಮುಂದೆ ನಿಲ್ಲಬೇಕೋ ಉಪಾಧ್ಯಕ್ಷರ ಮನೆ ಮುಂದೆ ನಿಲ್ಲಬೇಕೋ ಎಂಬಲ್ಲಿ ಸಭೆ ಸಿಕ್ಕಿಹಾಕಿಕೊಂಡು ಕತ್ತಲಾಗುತ್ತದೆ. ಆಗ ದೀಪ ಹಚ್ಚುವ ಆಳು ಏಣಿ ಹೊತ್ತು ಬಂದು, ಕಂಬ ಇದ್ದಲ್ಲೇ ದೀಪ ಹಚ್ಚಿ, "ದೀಪ ಹೊತ್ತಿತು ಸ್ವಾಮೀ. ಇನ್ನು ಬೀದಿ ಯಾವಾಗ ಮಾಡ್ತೀರಿ?" ಎನ್ನುತ್ತಾನೆ. ಪರದೆ ಬೀಳುತ್ತದೆ.

ಆ ಆಳು ನಮ್ಮ ಕೊಗ್ಗ. ವರ್ಷಗಟ್ಟಲೆ ಸಂಘದ ಕುರ್ಚಿ ಹೊತ್ತು, ಬ್ಯಾನರ್ ಕಟ್ಟಿ, ಊಟದ ಎಲೆ ತೆಗೆದವನಿಗೆ ಸಿಕ್ಕ ಮೊದಲ ಪಾತ್ರ ಇದು. ವಸಂತಿ ಊರಿನ ನೆಂಟರಿಗೆಲ್ಲ ವಾಟ್ಸಾಪಿನಲ್ಲಿ ಸಾರಿ, ಸಂಜೆ ವಿಡಿಯೋ ಕಾಲಿನಲ್ಲಿ ತೋರಿಸುತ್ತೇನೆಂದು ಮಾತು ಕೊಟ್ಟಿದ್ದಳು. ಮೈಕಲ್ ಹಾಕಿದ್ದು ಒಂದೇ ಷರತ್ತು: "ಕಂಬ ನೀವೇ ಮಾಡಿ ತನ್ನಿ ಕೊಗ್ಗಣ್ಣ. ಕಂಬ ಇಲ್ಲದಿದ್ರೆ ನಿಮ್ಮ ಸೀನೂ ಇಲ್ಲ."

ತಿಂಡಿ ಮುಗಿಸಿ, ಕನ್ನಡಿಯ ಮುಂದೆ ತನ್ನ ಮಾತನ್ನು ನಾಲ್ಕು ರೀತಿಯಲ್ಲಿ ಹೇಳಿ ನೋಡಿ ಕೊಗ್ಗ ಕೆಳಗಿಳಿದಾಗ ಕಂಬದ ಸುತ್ತ ಜನ ಸೇರಿದ್ದರು. ನಡುವೆ ಕೆಳಗಿನ ಕಿರಾಣಿ ಅಂಗಡಿಯ ಕುಂಞಾಲಿ ಕಾಕ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು.

"ನೋಡಿದ್ರಾ ಕೊಗ್ಗಣ್ಣ, ಬಲದಿಯಾದವರು ರಾತ್ರೋರಾತ್ರಿ ಕ್ಯಾಮರಾ ತಂದು ಹಾಕಿದ್ದಾರೆ! ನನ್ನ ಅಂಗಡಿ ಮುಂದೆ ಜನ ಅಡ್ಡಾದಿಡ್ಡಿ ಕಾರು ನಿಲ್ಲಿಸ್ತಾರಲ್ಲ, ಅದಕ್ಕೇ. ಇನ್ನು ಯಾರು ಬರ್ತಾರೆ ನನ್ನಲ್ಲಿಗೆ?"

"ಕ್ಯಾಮರಾ ಅಲ್ಲ ಕಾಕಾ, ಮೊಬೈಲ್ ಟವರ್" ಎಂದು ಮೊದಲ ಮಾಳಿಗೆಯ ಬಾಲ್ಕನಿಯಿಂದ ಲಲಿತಮ್ಮ ಕೂಗಿದರು. "ಬೆಳಿಗ್ಗೆಯಿಂದ ನನ್ನ ಕಿವಿ ಗುಂಯ್ ಅಂತ ಉಂಟು. ರೇಡಿಯೇಶನ್!"

ಪಾರ್ಕಿಂಗಿಗೆ ದುಡ್ಡು ಕೇಳುವ ಯಂತ್ರ ಇರಬೇಕೆಂದು ಮತ್ತೊಬ್ಬ ಹೇಳಿದ್ದೇ, ಮೂವರು ತಮ್ಮ ಕಾರುಗಳನ್ನು ತೆಗೆದು ಪಕ್ಕದ ಬೀದಿಗೆ ಓಡಿಸಿದರು. ಪುರಸಭೆಯನ್ನು ಎಲ್ಲರೂ ಬಲದಿಯಾ ಎಂದೇ ಕರೆಯುವ ಆ ಊರಿನಲ್ಲಿ ನಮ್ಮವರು ಬದುಕಿದ್ದೇ ಒಂದು ನಿಯಮ ಹಿಡಿದು: ರಸ್ತೆ ಬದಿಯಲ್ಲಿ ನೆಟ್ಟದ್ದೆಲ್ಲ ಸರಕಾರದ್ದು, ಸರಕಾರದ್ದನ್ನು ಮುಟ್ಟಬಾರದು.

"ಅದು... ಅದು ನಿಜವಾಗಿ..." ಎಂದು ಕೊಗ್ಗ ಬಾಯಿ ತೆರೆದ.

"ನಿಜವಾಗಿ ಬಲದಿಯಾದ್ದೇ" ಎಂದರು ಕುಂಞಾಲಿ. "ಪರ್ಮಿಶನ್ ಇಲ್ಲದೆ ಬೇರೆ ಯಾರಾದ್ರೂ ಕಂಬ ಹೂತಿದ್ರೆ ಅವನ ಕತೆ ಖಲಾಸ್. ಫೈನು ಸೀದಾ ಕಫೀಲ್‌ವರೆಗೆ ಹೋಗ್ತದೆ."

ಕೊಗ್ಗನ ಬಾಯಿ ತೆರೆದ ಹಾಗೆಯೇ ಮುಚ್ಚಿಕೊಂಡಿತು. ಕಫೀಲ್ ಎಂದರೆ ಅವನ ವೀಸಾದ ಒಡೆಯ, ಎಸಿ ರಿಪೇರಿ ಅಂಗಡಿಯ ಯಜಮಾನ. ಒಳ್ಳೆಯವನೇ, ಆದರೆ ನಾಟಕದ ಕಂಬವೆಂದರೆ ಅವನಿಗೆ ಏನೆಂದು ಅರ್ಥ ಮಾಡಿಸುವುದು? ಜನ ಚದುರಿದ ಮೇಲೆ ಮೆಲ್ಲಗೆ ಎತ್ತಿಕೊಂಡು ಹೋದರಾಯಿತೆಂದು ಅವನು ಮೆಟ್ಟಿಲ ಬಳಿ ಕಾದ.

ಜನ ಚದುರಿದ್ದು ಮಧ್ಯಾಹ್ನದ ನಮಾಜಿನ ಹೊತ್ತಿಗೆ. ಕುಂಞಾಲಿ ಶಟರ್ ಎಳೆದು ಮಸೀದಿಗೆ ಹೋದರು. ಬೀದಿಯಲ್ಲಿ ಒಂದು ಬೆಕ್ಕೂ ಇರಲಿಲ್ಲ. ಕೊಗ್ಗ ತುದಿಗಾಲಿನಲ್ಲಿ ಹೋಗಿ ಕಂಬವನ್ನು ತಬ್ಬಿಕೊಂಡು ಅಲುಗಾಡಿಸಿದ. ಹಸಿ ಬಣ್ಣಕ್ಕೆ ಅಂಗೈ ಅಂಟಿಕೊಂಡಿತು. ಕೈ ಬಿಡಿಸಿಕೊಳ್ಳಲು ಅವನು ಕೊಸರಾಡುವುದನ್ನು ಲಲಿತಮ್ಮ ಬಾಲ್ಕನಿಯಿಂದ ಕಂಡರು.

"ಅಯ್ಯೋ ದೇವರೇ, ಶಾಕ್ ಹೊಡೀತು! ಕೊಗ್ಗಣ್ಣನಿಗೆ ಶಾಕ್ ಹೊಡೀತು!"

ಕೊಗ್ಗ "ಇಲ್ಲ ಲಲಿತಮ್ಮ" ಎನ್ನುವಷ್ಟರಲ್ಲಿ ಅವರು ರಬ್ಬರ್ ಚಪ್ಪಲಿ ಮೆಟ್ಟಿ, ಮರದ ಲಟ್ಟಣಿಗೆ ಹಿಡಿದು ಕೆಳಗೆ ಬಂದಾಗಿತ್ತು. ಕರೆಂಟು ಹಿಡಿದವರನ್ನು ಬರಿಗೈಯಲ್ಲಿ ಮುಟ್ಟಬಾರದು, ಮರದಿಂದ ಹೊಡೆದು ಬಿಡಿಸಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತು. ಚೆನ್ನಾಗಿಯೇ ಹೊಡೆದರು. ಕೊಗ್ಗ ಊದಿದ ಮೊಣಕೈ ಒತ್ತಿಕೊಂಡು ಕೂತ. ಲಲಿತಮ್ಮ ತಮ್ಮ ಕೆಂಪು ಶಾಲನ್ನು ಕಂಬಕ್ಕೆ ಅಪಾಯದ ಗುರುತಾಗಿ ಕಟ್ಟಿ, "ಜೀವ ಉಳೀತಲ್ಲ, ಅಷ್ಟೇ ಸಾಕು" ಎಂದು ಕಣ್ಣೊರೆಸಿಕೊಂಡರು. ಇಷ್ಟು ಪ್ರೀತಿ ಮಾಡುವವರ ಮೇಲೆ ಸಿಟ್ಟು ಮಾಡುವುದಾದರೂ ಹೇಗೆ?

ಮಸೀದಿಯಿಂದ ಬಂದ ಕುಂಞಾಲಿಗೆ ಸುದ್ದಿ ಮುಟ್ಟಿ, ಅವರು ಆಗಲೇ ಬಲದಿಯಾಕ್ಕೆ ಫೋನು ಮಾಡಿದರು. "ಜನರಿಗೆ ಶಾಕ್ ಹೊಡೀತಾ ಉಂಟು, ತೆಗೀರಿ. ತೆಗೀಲಿಕ್ಕೆ ಆಗದಿದ್ರೆ ಪಕ್ಕದ ಬಿಲ್ಡಿಂಗಿನ ಮುಂದೆ ಹಾಕಿ." ಅದು ಕಿವಿಗೆ ಬಿದ್ದು ಪಕ್ಕದ ಬಿಲ್ಡಿಂಗಿನವರೂ ಬಂದರು. ಕಂಬ ನಿಮ್ಮಲ್ಲೇ ಇರಲಿ, ಅಲ್ಲ ನಿಮ್ಮಲ್ಲೇ ಇರಲಿ ಎಂದು ಎರಡು ಬಿಲ್ಡಿಂಗುಗಳ ನಡುವೆ ಜಗಳ ಹತ್ತಿತು. ನಾಟಕದ ಕೌನ್ಸಿಲರುಗಳಿಗೆ ಬೇಕಾಗಿದ್ದ ಕಂಬ ಇಲ್ಲಿ ಯಾರಿಗೂ ಬೇಡ. ಬೇಕಾಗಿದ್ದ ಒಬ್ಬನೇ ಒಬ್ಬ ಮೊಣಕೈಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದ.

ಅಷ್ಟರಲ್ಲಿ ಮೈಕಲ್ ಫೋನು ಬಂತು. "ಎಂತ ಮಾರಾಯ್ರೆ, ಕಂಬ ಎಲ್ಲಿ?"

"ನಿಂತಿದೆ ಪೊರ್ಬುಗಳೇ."

"ನಿಂತದ್ದು ಸಾಕು, ತನ್ನಿ."

"ತರ್ಲಿಕ್ಕೆ ಬಿಡ್ತಿಲ್ಲ."

"ಯಾರು?"

"ಎಲ್ಲರೂ" ಎಂದ ಕೊಗ್ಗ. ಅದಕ್ಕಿಂತ ಸರಿಯಾಗಿ ಹೇಳಲು ಅವನಿಗೆ ತಿಳಿಯಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಬಲದಿಯಾದ ಪಿಕಪ್ಪು ಬಂದು ನಿಂತಿತು. ರಜೆಯ ದಿನದ ಡ್ಯೂಟಿಗೆ ಸಿಕ್ಕಿಬಿದ್ದ ಇನ್ಸ್‌ಪೆಕ್ಟರು ಬಿಳಿ ದಿಶ್‌ದಾಶದ ನಿಲುವಂಗಿ ಎತ್ತಿ ಹಿಡಿದು ಇಳಿದು, ಕಂಬದ ಸುತ್ತ ಒಂದು ಸುತ್ತು ಬಂದು, ಬೆರಳಿನಿಂದ ತಟ್ಟಿದರು. ಟೊಳ್ಳು ಸದ್ದು ಬಂತು. ಮೇಲಿದ್ದ ರಟ್ಟಿನ ಲಾಂದ್ರವನ್ನು ನೋಡಿದರು. ಕೆಂಪು ಶಾಲನ್ನು ನೋಡಿದರು.

"ಯೇ ಕಿಸ್ಕಾ?" ಎಂದು ಕೇಳಿದರು.

"ಬಲದಿಯಾ!" ಎಂದರು ಎಲ್ಲರೂ ಒಂದೇ ಸ್ವರದಲ್ಲಿ.

"ಬಲದಿಯಾ ನಾನು. ಇದು ನಮ್ಮದಲ್ಲ" ಎಂದು ಅವರು ಹಿಂದಿಯಲ್ಲಿ ಹೇಳಿದಾಗ ಜನ ಮುಖ ಮುಖ ನೋಡಿಕೊಂಡರು. ಸರಕಾರದ್ದಲ್ಲದ, ಖಾಸಗಿಯೂ ಅಲ್ಲದ ಕಂಬವನ್ನು ಅವರು ಹುಟ್ಟಿದಂದಿನಿಂದ ಕಂಡಿರಲಿಲ್ಲ.

ಕೊಗ್ಗ ಕಣ್ಣು ಮುಚ್ಚಿದ. ಒಂದು ಕಡೆ ಕಫೀಲ್, ಇನ್ನೊಂದು ಕಡೆ ವಿಡಿಯೋ ಕಾಲಿಗೆ ಕಾದು ಕುಳಿತ ಊರು. ಊರೇ ಗೆದ್ದಿತು. ಅವನು ಮುಂದೆ ಬಂದು, "ಸಾಬ್, ನನ್ನದು. ನಾನೇ ನಿಲ್ಲಿಸಿದ್ದು. ಡ್ರಾಮಾಕ್ಕೆ ಬೇಕು ಸಾಬ್, ಈಗಲೇ, ಪೆಟ್ರೋಲ್ ಪಂಪಿನ ಹಿಂದಿನ ಹಾಲಿನಲ್ಲಿ" ಎಂದು ಹರಕು ಹಿಂದಿಯಲ್ಲಿ ಒಪ್ಪಿಕೊಂಡ.

ಇನ್ಸ್‌ಪೆಕ್ಟರು ಏನಾದರೂ ಹೇಳುವ ಮೊದಲೇ ಕುಂಞಾಲಿ ಅಡ್ಡ ಬಂದರು. "ನಂಬಬೇಡಿ ಸಾಬ್! ಇವನು ಬಹಳ ಪಾಪದವನು. ನಮ್ಮನ್ನೆಲ್ಲ ಉಳಿಸ್ಲಿಕ್ಕೆ ತಪ್ಪು ತನ್ನ ಮೇಲೆ ಹಾಕಿಕೊಳ್ತಿದ್ದಾನೆ. ಗೋಡೆಗೆ ಒಂದು ಮೊಳೆ ಹೊಡೀಲಿಕ್ಕೂ ನನ್ನನ್ನು ಕೇಳುವ ಮನುಷ್ಯ, ಕಂಬ ಹೂಳ್ತಾನಾ?"

"ಶಾಕ್ ಹೊಡೆದ ಮೇಲೆ ತಲೆ ಸ್ವಲ್ಪ ಹೀಗಾಗಿದೆ" ಎಂದು ಲಲಿತಮ್ಮ ದನಿ ತಗ್ಗಿಸಿ ಸೇರಿಸಿದರು.

"ಇಲ್ಲ ಸಾಬ್, ಕಂಬ ನನ್ನದೇ! ದೀಪ ಹಚ್ಚುವವನು ನಾನು!" ಎಂದು ಕೊಗ್ಗ ಕೂಗಿದ. ಲಲಿತಮ್ಮ ತಲೆಯಾಡಿಸಿ, "ನೋಡಿದ್ರಾ?" ಎಂಬಂತೆ ಇನ್ಸ್‌ಪೆಕ್ಟರರ ಕಡೆ ನೋಡಿದರು. ಇನ್ಸ್‌ಪೆಕ್ಟರು ಕರುಣೆಯಿಂದ ಕೊಗ್ಗನ ಬೆನ್ನು ತಟ್ಟಿ, ಕಂಬವನ್ನು ಪಿಕಪ್ಪಿಗೆ ಹಾಕಿಸಿ, ಯಲ್ಲಾ ಎಂದು ಹೊರಟುಹೋದರು. ನೆರೆಹೊರೆಯವರು ಚಪ್ಪಾಳೆ ತಟ್ಟಿದರು.

ಕೊಗ್ಗ ಹಾಲಿಗೆ ಹೋದದ್ದು ಕುಂಞಾಲಿಯ ವ್ಯಾನಿನಲ್ಲಿ. ದಾರಿಯಲ್ಲಿ ನಿಧಾನವಾಗಿ ಎಲ್ಲ ಹೇಳಿದ ಮೇಲೆ ಕುಂಞಾಲಿ ಬ್ರೇಕು ಒತ್ತಿದರು.

"ಅಯ್ಯೋ ಕೊಗ್ಗಣ್ಣ, ಮೊದಲೇ ಹೇಳ್ಬಾರದಾ?"

"ಹೇಳಿದೆನಲ್ಲ ಕಾಕಾ!"

"ಹೇಳಿದ್ರಿ. ನಂಬುವ ಹಾಗೆ ಹೇಳ್ಬೇಕಲ್ಲ."

ಹಾಲಿನಲ್ಲಿ ಕೌನ್ಸಿಲರುಗಳು ಪೇಟ ಸುತ್ತಿ ತಯಾರಾಗಿದ್ದರು. ಸುದ್ದಿ ಕೇಳಿದ ಮೈಕಲ್ ಕೊಗ್ಗನನ್ನು ಕಾಲಿನಿಂದ ತಲೆಯವರೆಗೆ ಅಳೆದು ನೋಡಿದರು. ಕೊಗ್ಗ ನುಗ್ಗೆಕಾಯಿಯ ಹಾಗೆ ಉದ್ದಕ್ಕೆ ಬೆಳೆದವನು.

"ಕೊಗ್ಗಣ್ಣ, ಕಂಬ ನೀವೇ ಆಗ್ಬೇಕು."

"ಮತ್ತೆ ದೀಪ ಹಚ್ಚುವವನು?"

"ಕುಂಞಾಲಿ ಕಾಕ ಇದ್ದಾರಲ್ಲ. ಒಂದೇ ಮಾತು."

"ಕಾಕನನ್ನೇ ಕಂಬ ಮಾಡಿ ಪೊರ್ಬುಗಳೇ, ದಮ್ಮಯ್ಯ!"

ಮೈಕಲ್ ಗಿಡ್ಡಗೆ ದುಂಡಗಿದ್ದ ಕುಂಞಾಲಿಯ ಕಡೆ ಕಣ್ಣು ಹಾಯಿಸಿದರು. "ಜನ ಬಾವಿಕಟ್ಟೆ ಅಂತಾರೆ" ಎಂದು ಮಾತು ಮುಗಿಸಿದರು.

ಹೀಗೆ ಕೊಗ್ಗ ಮುಖ ಸಮೇತ ಕರಿಬಟ್ಟೆ ಸುತ್ತಿಸಿಕೊಂಡು, ಎತ್ತಿದ ಕೈಯಲ್ಲಿ ಬ್ಯಾಟರಿ ಲಾಂದ್ರ ಹಿಡಿದು ರಂಗದ ಮೇಲೆ ನಿಂತ. ನಾಟಕ ಶುರುವಾಯಿತು. ಹಂದಿಯ ಚರ್ಚೆ ಮುಗಿಯಿತು, ಎತ್ತಿನ ಚರ್ಚೆ ಮುಗಿಯಿತು, ಹುಣ್ಣಿಮೆಯೂ ಕಳೆಯಿತು. ಅವನ ಕೈ ಮರಗಟ್ಟಿತು, ಮೂಗು ತುರಿಸಿತು, ಅವನು ಅಲುಗಲಿಲ್ಲ. ಕೊನೆಗೆ ಕುಂಞಾಲಿ ಏಣಿ ಹೊತ್ತು ಬಂದು, ಅದನ್ನು ಅವನ ಹೆಗಲಿಗೇ ಆನಿಸಿ, ಎರಡು ಮೆಟ್ಟಿಲು ಹತ್ತಿ ಲಾಂದ್ರದ ಸ್ವಿಚ್ಚು ಒತ್ತಿದರು. ಜನರ ಕಡೆ ತಿರುಗಿದರು. ಬಾಯಿ ತೆರೆದರು.

ಮಾತು ಬರಲಿಲ್ಲ. ತುಂಬಿದ ಹಾಲನ್ನು ನೋಡಿ ಅವರಿಗೆ ತಮ್ಮ ಹೆಸರೂ ಮರೆತಿತ್ತು. ಕೌನ್ಸಿಲರುಗಳು ಕಾದರು. ಸೈಡ್ ವಿಂಗಿನಲ್ಲಿ ಮೈಕಲ್ ಹಣೆ ಚಚ್ಚಿಕೊಂಡರು.

ಕೊಗ್ಗನಿಗೆ ತಡೆಯಲಾಗಲಿಲ್ಲ. ಎಷ್ಟು ದಿನ ಕನ್ನಡಿಯ ಮುಂದೆ ಹೇಳಿಕೊಂಡ ಮಾತು ಅದು! ಕರಿಬಟ್ಟೆಯೊಳಗಿಂದಲೇ, ಎದೆಯ ಸಂಕಟವನ್ನೆಲ್ಲ ಸೇರಿಸಿ, ಹಾಲು ನಡುಗುವಂತೆ ಹೇಳಿಬಿಟ್ಟ: "ದೀಪ ಹೊತ್ತಿತು ಸ್ವಾಮೀ. ಇನ್ನು ಬೀದಿ ಯಾವಾಗ ಮಾಡ್ತೀರಿ?"

ಹಾಲು ಶಿಳ್ಳೆ ಚಪ್ಪಾಳೆಯಿಂದ ಒಡೆದುಹೋಗುವಂತಾಯಿತು. ಕುಂಞಾಲಿಯ ಬಾಯಿ ತೆರೆದೇ ಇದ್ದುದರಿಂದ ಮಾತು ಅವರದೇ ಎಂಬುದರಲ್ಲಿ ಯಾರಿಗೂ ಸಂಶಯ ಬರಲಿಲ್ಲ. ಪರದೆ ಬಿದ್ದ ಮೇಲೆ ಜನ ಅವರನ್ನು ಮುತ್ತಿಕೊಂಡರು. "ಎಂತ ಸ್ವರ ಕಾಕಾ! ಇಷ್ಟು ದಿನ ಎಲ್ಲಿ ಅಡಗಿಸಿಟ್ಟಿದ್ರಿ?" ಎಂದು ಅಧ್ಯಕ್ಷರ ಪಾತ್ರದವರು ಕೈ ಕುಲುಕಿದರು. ಕುಂಞಾಲಿ ಮೊದಲು ಗಲಿಬಿಲಿಗೊಂಡರು, ಆಮೇಲೆ ಇದ್ದರೂ ಇರಬಹುದು ಎಂಬಂತೆ ನಕ್ಕರು.

ಕೊಗ್ಗ ಮುಖದ ಬಟ್ಟೆ ಬಿಚ್ಚಿಕೊಳ್ಳುತ್ತಿರುವಾಗ ಮೈಕಲ್ ಬಂದು ಬೆನ್ನು ತಟ್ಟಿದರು. "ಭೇಷ್! ಒಂದು ಚೂರು ಅಲುಗಲಿಲ್ಲ ನೋಡಿ. ಆ ಬಲದಿಯಾದವರು ತಂದದ್ದಕ್ಕಿಂತ ನೀವೇ ಚಂದ ಕಂಡ್ರಿ."

"ಬಲದಿಯಾದವರು ಎಂತ ತಂದದ್ದು?"

"ನಿಮ್ಮ ಕಂಬ. ಪಾಪ, ಆ ಇನ್ಸ್‌ಪೆಕ್ಟರು ಹಾಲು ಹುಡುಕಿಕೊಂಡು ಬಂದಿದ್ರು. ಆ ಮನುಷ್ಯ ಹೇಳಿದ್ದು ನಿಜ ಇರಬಹುದು ಅಂತ ಕಾಣ್ತದೆ, ಫೈನ್ ಗೀನ್ ಎಂತದ್ದೂ ಇಲ್ಲ, ತಕೊಳ್ಳಿ ಅಂದ್ರು."

"ಯಾವಾಗ?"

"ಬೆಲ್ಲು ಹೊಡೆಯುವ ಮೊದಲೇ. ಅಷ್ಟು ಹೊತ್ತಿಗೆ ನಿಮಗೆ ಬಟ್ಟೆ ಸುತ್ತಿ ಆಗಿತ್ತು, ಕಾಕನಿಗೆ ಮುಂಡಾಸು ಕಟ್ಟಿ ಆಗಿತ್ತು. ಇನ್ನು ಬಿಚ್ಚಿ ಕಟ್ಟುವುದು ಯಾಕೆ ಅಂತ, ನಮ್ಮಲ್ಲಿ ಕಂಬ ಉಂಟು ಅಂತ ಹೇಳಿ ವಾಪಸು ಕಳಿಸಿದೆ."

ಕೊಗ್ಗ ಏನಾದರೂ ಹೇಳಬೇಕೆಂದು ಬಾಯಿ ತೆರೆದಾಗ ವಸಂತಿ ಮೊಬೈಲು ಎತ್ತಿ ಹಿಡಿದುಕೊಂಡು ಜನರ ನಡುವೆ ನುಗ್ಗಿ ಬಂದಳು. ಮೊಬೈಲಿನ ಪರದೆಯಲ್ಲಿ ಊರಿನ ನೆಂಟರೆಲ್ಲ ಒಬ್ಬರ ಮೇಲೊಬ್ಬರು ಬಿದ್ದು ಇಣುಕುತ್ತಿದ್ದರು.

"ರೀ, ಇಲ್ಲಿದ್ದೀರಾ? ಆ ದೀಪ ಸ್ವಲ್ಪ ಮೇಲೆ ಹಿಡೀರಿ" ಎಂದಳು ವಸಂತಿ. "ಊರಿನವರಿಗೆ ಕುಂಞಾಲಿ ಕಾಕನ ಮುಖ ಸರಿ ಕಾಣ್ತಿಲ್ಲಂತೆ."

ಕೊಗ್ಗ ದೀಪ ಎತ್ತಿ ಹಿಡಿದ.