ಬೋರ್ಡಿನಿಂದ ಎದ್ದ ಅನಿಲ

ಒಡೆದ ಗಾಜಿನ ಬೆಲೆಯನ್ನು ವಿಜ್ಞಾನ ಶಿಕ್ಷಕರ ಸಂಬಳದಿಂದಲೇ ವಸೂಲು ಮಾಡತಕ್ಕದ್ದು ಎಂಬ ಸುತ್ತೋಲೆ ಬಂದ ಮೇಲೆ ಈ ಪ್ರೌಢಶಾಲೆಯ ಪ್ರಯೋಗಾಲಯದಲ್ಲಿ ಒಂದೇ ಒಂದು ಪ್ರನಾಳವೂ ಒಡೆದಿಲ್ಲ. ಬಾಗಿಲಿಗೆ ಬೀಗ ಜಡಿದದ್ದರಿಂದ ಇದು ಸಾಧ್ಯವಾಯಿತು. ಇಲಾಖೆ ಸುರಕ್ಷತಾ ಪ್ರಶಸ್ತಿಯನ್ನೂ ಕೊಟ್ಟಿತು.

ಹೊಸದಾಗಿ ಬಂದ ವಿಜ್ಞಾನ ಮೇಷ್ಟ್ರು ಇದೇನೂ ತಿಳಿಯದೆ ಬೀಗದ ಕೈ ಕೇಳಿದರು.

"ಪ್ರಯೋಗ ತಾನೇ? ಧಾರಾಳವಾಗಿ ಮಾಡಿಸಿ," ಎಂದರು ಹೆಡ್‌ಮಾಸ್ಟರು. "ಬೋರ್ಡಿದೆ, ಸೀಮೆಸುಣ್ಣ ಇದೆ. ಬೀಗದ ಕೈ ಯಾಕ್ರೀ?"

ಮನೆಯಲ್ಲಿ ಹೆಂಡತಿಯದೂ ಅದೇ ರಾಗ. "ನೌಕರಿ ಖಾಯಂ ಆಗೋವರೆಗೂ ಬಾಯಿ ಮುಚ್ಕೊಂಡಿರಿ. ಆಮೇಲೆ ಬೇಕಾದ್ರೆ ಶಾಲೆಗೇ ಬೆಂಕಿ ಹಚ್ಚಿ."

ಮೇಷ್ಟ್ರು ಬೋರ್ಡಿನ ಮೇಲೆ ಪ್ರನಾಳ ಬರೆದರು. ನೀಲಿ ಸೀಮೆಸುಣ್ಣ ಉಜ್ಜಿ ಆಮ್ಲ ತುಂಬಿದರು. ಕೆಳಗೆ ಬರೆದ ಉರಿ ತುಸು ದೊಡ್ಡದಾಯಿತೆಂದು ಹೆಡ್‌ಮಾಸ್ಟರು ಓಡಿಬಂದು ಅರ್ಧ ಒರೆಸಿದರು. "ಮೈಮೇಲೆ ಎಚ್ಚರ ಇರ್ಲಿ ಕಣ್ರೀ, ಮಕ್ಕಳಿದಾರೆ!"

ಖಾಯಂ ಮಾಡುವ ಮುಂಚಿನ ತಪಾಸಣೆಗೆ ಇನ್‌ಸ್ಪೆಕ್ಟರು ಬಂದ ದಿನದ ಪಾಠ ಹೈಡ್ರೋಜನ್ ಸಲ್ಫೈಡ್: ಕೊಳೆತ ಮೊಟ್ಟೆಯಂತೆ ನಾರುವ ಅನಿಲ. ಮೇಷ್ಟ್ರು ಬಾಣದ ಗುರುತು ಹಾಕಿ ಅದನ್ನು ಪ್ರನಾಳದಿಂದ ಹೊರಗೆ ಬಿಟ್ಟರು. ಇನ್‌ಸ್ಪೆಕ್ಟರು ಪುಸ್ತಕ ನೋಡಿದರು, ಬೋರ್ಡು ನೋಡಿದರು, ಕರ್ಚೀಫು ತೆಗೆದು ಮೂಗಿಗೆ ಒತ್ತಿದರು.

"ಅಬ್ಬಬ್ಬಾ! ಪುಸ್ತಕದಲ್ಲಿ ಇರೋ ಹಾಗೇ ಇದೆ."

ಹೆಡ್‌ಮಾಸ್ಟರೂ ಮೂಗು ಹಿಡಿದರು. ತರಗತಿಗೆ ತರಗತಿಯೇ ಹಿಡಿಯಿತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಎದ್ದು ನಿಂತಳು.

"ಸಾರ್, ನಂಗೆ ಸೀಮೆಸುಣ್ಣದ ವಾಸನೆ ಅಷ್ಟೇ ಬರ್ತಿರೋದು."

"ನೆಗಡಿ ಆಗಿರ್ಬೇಕು ಪುಟ್ಟಿ, ಕೂತ್ಕೋ," ಎಂದರು ಹೆಡ್‌ಮಾಸ್ಟರು.

"ಇಲ್ಲ ಸಾರ್. ಬೇಕಾದ್ರೆ ನಮ್ ಮೇಷ್ಟ್ರನ್ನೇ ಕೇಳಿ. ಅವ್ರು ಸುಳ್ಳು ಹೇಳಲ್ಲ."

ಇನ್‌ಸ್ಪೆಕ್ಟರು ಪೆನ್ನಿನ ಮುಚ್ಚಳ ತೆಗೆದರು. "ಏನ್ರೀ, ನಿಮಗೆ ಬರ್ತಿದೆಯೋ ಇಲ್ವೋ?"

ಮೇಷ್ಟ್ರು ಹುಡುಗಿಯನ್ನು ನೋಡಿದರು. ಪೆನ್ನನ್ನು ನೋಡಿದರು. ಕೆಮ್ಮುತ್ತಾ ಹೋಗಿ ಕಿಟಕಿ ತೆರೆದರು.

ನೌಕರಿ ಖಾಯಮಾಯಿತು. ಗಮನಿಸುವ ಶಕ್ತಿ ಸಾಲದೆಂಬ ಷರಾದೊಂದಿಗೆ ಹುಡುಗಿ ಪ್ರಾಯೋಗಿಕ ಪರೀಕ್ಷೆಯಲ್ಲಿ ಫೇಲಾದಳು. ಈಗ ಆ ಪಾಠ ನಡೆಯುವಾಗ ಪಕ್ಕದ ಕೋಣೆಯ ಲೆಕ್ಕದ ಮೇಷ್ಟ್ರು ಬಾಗಿಲು ಹಾಕಿಸುತ್ತಾರೆ. ಹುಡುಗಿ ಮರುಪರೀಕ್ಷೆಗೆ ಕೂತಳು. ಮೇಷ್ಟ್ರು ಸೀಮೆಸುಣ್ಣ ಕೈಗೆತ್ತಿಕೊಳ್ಳುವ ಮೊದಲೇ ಮೂಗು ಮುಚ್ಚಿ, ನೂರಕ್ಕೆ ನೂರು ಪಡೆದಳು.